ಡಯಟ್, ವಾಕಿಂಗ್ ಬಗ್ಗೆ ಹತ್ತು ನಿಮಿಷ ನಗಿಸುವುದು ಹೇಗೆ?

ಗಣೇಶ ಹಬ್ಬ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. "ನಮ್ಮ ಓಣಿಯ ಕಾರ್ಯಕ್ರಮದಲ್ಲಿ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಡಯಟ್, ವಾಕಿಂಗ್, ಆರೋಗ್ಯ ಅಂತ ಏನಾದರೂ ನಗಿಸುವ ಹಾಗೆ ಮಾತಾಡಬೇಕಂತೆ. ಹೇಗೆ ಬರೆಯಲಿ?" ವಿಜಯಪುರದ ಶಿಕ್ಷಕಿಯರು, ಬಾಗಲಕೋಟೆಯ ಬ್ಯಾಂಕ್ ನೌಕರರು, ಬೆಳಗಾವಿಯ ಕಾಲೇಜು ಹುಡುಗರು, ಹಿರಿಯ ನಾಗರಿಕರ ಸಂಘದವರು, ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಪೂರ್ತಿ ವಿಧಾನವನ್ನು ಇಲ್ಲಿ ಬರೆದಿದ್ದೇನೆ.

ನಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಸಭೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಯಾರೋ ಒಬ್ಬರು "ಅದು ತಿನ್ನಬೇಡ, ಇದು ತಿನ್ನು" ಎಂದು ಹೇಳಿಯೇ ಇರುತ್ತಾರೆ. ಆದರೆ ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನಗುತ್ತಾ ಕೇಳಿದ ಮಾತನ್ನು ಜನ ಮನೆಗೆ ಒಯ್ಯುತ್ತಾರೆ. ಡಾಕ್ಟರು ಹೇಳಿದ್ದು ಮರೆತರೂ ವೇದಿಕೆಯ ಮೇಲೆ ಕೇಳಿದ ಜೋಕು ನೆನಪಿರುತ್ತದೆ. ಹಾಗಾಗಿ ಜೋಕಿನ ಒಳಗಿರುವ ವಿಷಯ ನಿಜವಾಗಿರಬೇಕು, ನಗು ಸಲಹೆಯ ಮೇಲೆ ಇರಬೇಕು, ಯಾರದೇ ಮೈಯ ಮೇಲೆ ಇರಬಾರದು. ಕೆಳಗಿನ ಹಂತಗಳೆಲ್ಲ ಈ ಎರಡು ಮಾತಿನ ಮೇಲೆಯೇ ನಿಂತಿವೆ.

ಏನೇನು ಬೇಕು

ಒಂದು ಚಿಕ್ಕ ನೋಟ್‌ಬುಕ್. ಫೋನಿನ ರೆಕಾರ್ಡರ್. ಎರಡು ವಾರ ಸಮಯ. ಮುಲಾಜಿಲ್ಲದೆ ಅಭಿಪ್ರಾಯ ಹೇಳುವ ಇಬ್ಬರು ಮೂವರು. ಇಷ್ಟೇ.

ಒಂದು ಪದ ಮಾತ್ರ ಮೊದಲೇ ತಿಳಿದಿರಲಿ. ಕ್ಯಾಲೊರಿ ಎಂದರೆ ಊಟದಿಂದ ಸಿಗುವ ಮತ್ತು ಮೈ ಖರ್ಚು ಮಾಡುವ ಶಕ್ತಿಯ ಅಳತೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕಿಲೋಕ್ಯಾಲೊರಿ ಎಂದು ಬರೆದಿರುತ್ತದೆ. ಜನ ಮಾತಿನಲ್ಲಿ ಅದನ್ನೇ ಕ್ಯಾಲೊರಿ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಹಂತ 1: ಸಭೆ ಯಾವುದು ಅಂತ ಕೇಳಿಕೊಳ್ಳಿ

ಕರೆದವರನ್ನು ಮೂರು ವಿಷಯ ಕೇಳಿ. ಯಾರು ಬರುತ್ತಾರೆ? ನಿಮ್ಮ ಮಾತು ಊಟದ ಮುಂಚೆಯೋ ಆಮೇಲೋ? ನಿಮ್ಮ ಹಿಂದೆ ಮುಂದೆ ಏನಿದೆ? ಹಸಿದ ಸಭೆ ಮುಂದೆ ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಂದು ವರ್ಣನೆ ಮಾಡುತ್ತಾ ಕೂತರೆ ಎಲ್ಲರ ಗಮನ ಅಡುಗೆ ಪೆಂಡಾಲಿನ ಕಡೆ ಹೋಗುತ್ತದೆ. ಊಟ ಆದಮೇಲೆ ಅದೇ ಮಾತಿಗೆ ಒಳ್ಳೆಯ ನಗು ಬರುತ್ತದೆ.

ಸಮಯದ ಲೆಕ್ಕವೂ ಈಗಲೇ ಆಗಲಿ. ಸಮಾಧಾನವಾಗಿ ಮಾತಾಡಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 90 ಪದ. ಹತ್ತು ನಿಮಿಷಕ್ಕೆ 900 ಎಂದು ಬರೆಯಲು ಹೋಗಬೇಡಿ. ನಗುವುದಕ್ಕೂ ಹೊತ್ತು ಬೇಕು, ಅಲ್ವಾ? 700 ಪದ ಸಾಕು.

ಹಂತ 2: ಒಂದು ವಾರ ಸಲಹೆ ಕೂಡಿಹಾಕಿ

ಮನೆಯಲ್ಲಿ ಕೂತು ಯೋಚಿಸಿ ಬರೆದ ಹಾಸ್ಯ ಒಣಗಿರುತ್ತದೆ. ಹೊರಗೆ ಹೋಗಿ ಕೇಳಿ. ಬೆಳಗಾವಿಯವರಾದರೆ ಬೆಳಗ್ಗೆ ಕೋಟೆ ಕೆರೆಯ ಸುತ್ತ ಅಥವಾ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಕಡೆ ಒಂದು ಸುತ್ತು ಹಾಕಿ. ವಿಜಯಪುರದಲ್ಲಿ ಗೋಳಗುಮ್ಮಟದ ಆಸುಪಾಸು. ಬಾಗಲಕೋಟೆಯಲ್ಲಿ ನವನಗರದ ಅಗಲ ರಸ್ತೆಗಳು. ಇಲ್ಲೆಲ್ಲ ಕಾಲಿಗಿಂತ ಬಾಯಿ ಜೋರಾಗಿ ನಡೆಯುತ್ತಿರುತ್ತದೆ. ಹಿಟ್ಟಿನ ಗಿರಣಿ, ಚಹಾದಂಗಡಿ, ಮದುವೆ ಊಟದ ಸಾಲು, ಕಟಿಂಗ್ ಅಂಗಡಿಯ ಬೆಂಚು, ಇವೂ ಒಳ್ಳೆಯ ಜಾಗ. ಮನೆಯ ವಾಟ್ಸಾಪ್ ಗುಂಪಂತೂ ಇದ್ದೇ ಇದೆ.

ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. "ಬೆಲ್ಲ ಎಷ್ಟ್ ತಿಂದ್ರೂ ನಡೀತೈತ್ರಿ, ಅದು ನ್ಯಾಚುರಲ್" ಎಂದು ಯಾರೋ ಅಂದರೆ ಅದನ್ನು ಹಾಗೇ ಬರೆಯಿರಿ. "ಬೆಲ್ಲದ ಬಗ್ಗೆ ತಪ್ಪು ಕಲ್ಪನೆ" ಎಂದು ಬರೆದರೆ ಅದರಲ್ಲಿದ್ದ ನಗು ಅಲ್ಲೇ ಸತ್ತುಹೋಗುತ್ತದೆ. ಹೇಳಿದವರ ಹೆಸರು ಮಾತ್ರ ಬರೆಯಬೇಡಿ. ಮುಂದೆ ಅವರೇ ಸಭೆಯಲ್ಲಿ ಎದುರು ಕೂತಿರಬಹುದು.

ಹಂತ 3: ನಿಜ ಎಷ್ಟು, ಸುಳ್ಳು ಎಷ್ಟು ನೋಡಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಭಾಷಣ ಗೆಲ್ಲುವುದೂ ಇಲ್ಲೇ. ಸಲಹೆಯ ಹಿಂದಿನ ಸತ್ಯ ಗೊತ್ತಾದರೆ ಜೋಕು ತಾನಾಗಿ ಹೊಳೆಯುತ್ತದೆ. ನಮ್ಮ ಕಡೆ ಪದೇ ಪದೇ ಕೇಳುವ ಸಲಹೆಗಳನ್ನೇ ತೆಗೆದುಕೊಳ್ಳೋಣ.

ಬೆಲ್ಲ ಮತ್ತು ಸಕ್ಕರೆ. ಎರಡೂ ಕಬ್ಬಿನಿಂದಲೇ ಬಂದವು. ಗ್ರಾಂ ಲೆಕ್ಕದಲ್ಲಿ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, ಗ್ರಾಂಗೆ 4ರ ಹತ್ತಿರ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುತ್ತದೆ, ನಿಜ. ಆದರೆ ರಕ್ತದ ಸಕ್ಕರೆ ಎರಡರಿಂದಲೂ ಏರುತ್ತದೆ. ಕಬ್ಬಿನ ನಾಡಿನ ಸಭೆ ಇದು. ಬೆಲ್ಲವನ್ನು ಹಗುರ ಮಾಡಿ ಮಾತಾಡಬೇಡಿ. "ಎಷ್ಟು ತಿಂದರೂ ನಡೆಯುತ್ತದೆ" ಎಂಬ ಮಾತಿನ ಮೇಲೆ ನಗಿಸಿ:

"ಸಕ್ಕರಿ ಪೂರ್ತಿ ಬಿಟ್ಟೀನ್ರಿ. ಈಗ ಬರೇ ಬೆಲ್ಲ."
"ಎಷ್ಟ್ ತಿಂತೀರಿ?"
"ಸಕ್ಕರಿ ಬಿಟ್ಟ ದುಃಖ ಹೋಗೂ ಮಟಾ."

ಹತ್ತು ಸಾವಿರ ಹೆಜ್ಜೆ. ಈ ಸಂಖ್ಯೆ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ. ಜಪಾನಿನಲ್ಲಿ 1965ರಲ್ಲಿ ಒಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್ಪೊ ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರಿನ ಜೊತೆಗೇ ಸಂಖ್ಯೆಯೂ ಊರೂರು ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆ ಲೆಕ್ಕ ಹೇಳುವುದೇ ಇಲ್ಲ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು ಎನ್ನುತ್ತದೆ. ಮಧ್ಯಮ ಶ್ರಮ ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿನ ನಡಿಗೆ. ಹೆಜ್ಜೆ ಹಾಕುವುದು ಒಳ್ಳೆಯದೇ. ನಗು ಇರುವುದು ಸಂಖ್ಯೆಯ ಹುಚ್ಚಿನಲ್ಲಿ:

"ಹತ್ತ್ ಸಾವಿರ ಆಗ್ಲೇಬೇಕಂತ ನಮ್ಮ ಕಾಕಾ ಮೊಬೈಲ್ ಮೊಮ್ಮಗನ ಕಿಸೆದಾಗ ಇಟ್ಟು ಆಡಾಕ ಕಳಿಸಿದ್ರು. ಸಂಜಿಗೆ ನೋಡಿದ್ರ ನಲವತ್ತ್ ಸಾವಿರ. ಈಗ ಮೊಬೈಲೇ ಹೇಳಾಕತ್ತೈತಿ, ಕಾಕಾ ಸ್ವಲ್ಪ ಕೂಡ್ರಿ."

ಜೋಳದ ರೊಟ್ಟಿ. ಇದನ್ನು ಜೋಪಾನವಾಗಿ ಮುಟ್ಟಿ. ನಮ್ಮ ಊಟದ ಹೆಮ್ಮೆ ಇದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿದಾಗ ಜೋಳವೂ ಆ ಪಟ್ಟಿಯಲ್ಲಿತ್ತು. ಜೋಳದಲ್ಲಿ ಗ್ಲುಟೆನ್ ಇಲ್ಲ. ಗ್ಲುಟೆನ್ ಎಂದರೆ ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು. ಕೆಲವರ ಮೈಗೆ ಅದು ಆಗುವುದಿಲ್ಲ. ಜೋಳದಲ್ಲಿ ನಾರಿನಂಶವೂ ಚೆನ್ನಾಗಿದೆ. ಆದರೆ "ಚಪಾತಿ ಬಿಟ್ಟು ರೊಟ್ಟಿ ತಿಂದರೆ ತೂಕ ಇಳಿಯುತ್ತದೆ" ಎನ್ನುವುದು ಅರ್ಧ ಸತ್ಯ. 100 ಗ್ರಾಂ ಜೋಳದ ಹಿಟ್ಟಿಗೂ 100 ಗ್ರಾಂ ಗೋಧಿ ಹಿಟ್ಟಿಗೂ ಕ್ಯಾಲೊರಿಯಲ್ಲಿ ದೊಡ್ಡ ಅಂತರ ಇಲ್ಲ. ಎರಡೂ 320ರಿಂದ 350ರ ಆಸುಪಾಸು. ತೂಕದ ಲೆಕ್ಕ ಬರುವುದು ರೊಟ್ಟಿ ಎಷ್ಟು, ಅದರ ಮೇಲೆ ಎಣ್ಣೆ ಎಷ್ಟು, ಬೆಣ್ಣೆ ಎಷ್ಟು ಎಂಬುದರಿಂದ. ಇನ್ನು ಶೇಂಗಾ ಚಟ್ನಿ. ಒಂದು ಹಿಡಿ ಶೇಂಗಾ, ಅಂದರೆ ಸುಮಾರು 30 ಗ್ರಾಂ, 160 ಕ್ಯಾಲೊರಿ ದಾಟುತ್ತದೆ. ಪ್ರೋಟೀನೂ ಒಳ್ಳೆಯದಿದೆ. ಹಿಡಿ ಎಷ್ಟು ದೊಡ್ಡದು ಎಂಬ ಪ್ರಶ್ನೆಯಲ್ಲೇ ಒಂದು ಜೋಕು ಕಾದು ಕೂತಿದೆ. ಅದನ್ನು ನಿಮಗೇ ಬಿಟ್ಟಿದ್ದೇನೆ.

ನಡೆದು ಕರಗಿಸುವುದು. 60–70 ಕೆಜಿ ತೂಕದವರು ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕ್ಯಾಲೊರಿ ಖರ್ಚಾಗುತ್ತದೆ. ಒಂದು ಚಹಾ ಚಮಚ ಎಣ್ಣೆಯಲ್ಲಿ 45 ಇದೆ. ಅಂದರೆ ಒಂದು ಕಿಲೋಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಚಮಚ ಎಣ್ಣೆ. ಈ ಒಂದು ಲೆಕ್ಕ ಗೊತ್ತಿದ್ದರೆ ಮಿರ್ಚಿ ಭಜಿ, ಗಿರ್ಮಿಟ್ ಮೇಲೆ ಎಷ್ಟು ಬೇಕಾದರೂ ಬರೆಯಬಹುದು:

"ಮಿರ್ಚಿ ಅಂಗಡಿ ಮನಿಯಿಂದ ಒಂದು ಕಿಲೋಮೀಟರ್. ಹೋಗಿ ಬಂದ್ರ ಎರಡು ಚಮಚ ಎಣ್ಣಿ ಕರಗತೈತಿ. ಆದ್ರ ಪ್ಲೇಟಿನ್ಯಾಗ ನಾಲ್ಕು ಮಿರ್ಚಿ. ತಪ್ಪು ನಂದಲ್ರಿ, ಅಂಗಡಿ ಭಾಳ ಹತ್ರ ಐತಿ."

ಉಪವಾಸ. ಇಲ್ಲಿ ನಗು ತಟ್ಟೆಯ ಮೇಲೆ ಇರಲಿ, ಭಕ್ತಿಯ ಮೇಲೆ ಬೇಡ. ಸಾಬುದಾಣಿ, ಅಂದರೆ ಸಬ್ಬಕ್ಕಿ, ಬಹುಪಾಲು ಪಿಷ್ಟವೇ, ಅಂದರೆ ಮೈಯಲ್ಲಿ ಸಕ್ಕರೆಯಾಗುವ ಅಂಶ. ಅದಕ್ಕೆ ಶೇಂಗಾ, ಆಲೂಗಡ್ಡೆ, ಎಣ್ಣೆ ಸೇರಿ ಖಿಚಡಿ ಆಗುತ್ತದೆ. ಉಳಿದ ದಿನದ ಊಟಕ್ಕಿಂತ ಭಾರಿ. "ಇವತ್ತು ಉಪವಾಸ ಐತ್ರಿ" ಅಂದವರನ್ನು "ಏನೂ ತಿಂದಿಲ್ಲೇನು?" ಎಂದು ಕೇಳಿದರೆ, "ಉಪವಾಸದ್ದು ತಿಂದು ಮುಗಿಸೂದ್ರಾಗ ಬ್ಯಾರೆ ತಿನ್ನಾಕ ಹೊತ್ತೇ ಸಿಕ್ಕಿಲ್ರಿ" ಎನ್ನಬಹುದು. ಆದರೆ ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಇದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. "ಶುಗರ್ ಇದ್ದವರು ಉಪವಾಸ ಮಾಡಿದರೆ ಎಲ್ಲ ಸರಿಹೋಗುತ್ತದೆ" ಎಂಬ ಅರ್ಥ ಬರುವ ಒಂದು ವಾಕ್ಯವೂ ನಿಮ್ಮ ಭಾಷಣದಲ್ಲಿ ಇರಬಾರದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿದರೆ ಕೊಬ್ಬು ಕರಗುವುದಿಲ್ಲ. ಜೇನೂ ಒಂದು ಸಕ್ಕರೆಯೇ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಆರಿಸಿ ಕರಗುವುದಿಲ್ಲ, ಸ್ನಾಯು ಗಟ್ಟಿಯಾಗುತ್ತದೆ. ಬೆವರು ಸುರಿದರೆ ಇಳಿಯುವುದು ನೀರಿನ ತೂಕ. ನೀರು ಕುಡಿದ ಕೂಡಲೇ ಅದು ವಾಪಸ್. ಒಂದು ಕೆಜಿ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. "ವಾರದಲ್ಲಿ ಐದು ಕೆಜಿ" ಎಂಬ ಜಾಹೀರಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಕರದಂಟಿನಲ್ಲಿ ಡ್ರೈಫ್ರೂಟ್ ಇದೆ ಎಂದು ಗೋಕಾಕದವರೂ ಅಮೀನಗಡದವರೂ ಹೇಳುವುದು ನಿಜ. ಬೆಲ್ಲ, ತುಪ್ಪ ಇರುವುದೂ ಅಷ್ಟೇ ನಿಜ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಇರಬೇಕು, ಅಂದರೆ ಒಂದು ಚಹಾ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಇದರೊಳಗೇ ಬಂತು.

ಎಚ್ಚರಿಕೆ: ನಿಮಗೆ ಖಚಿತವಿಲ್ಲದ ಸಲಹೆಯನ್ನು ಪಟ್ಟಿಯಿಂದ ತೆಗೆಯಿರಿ. ನಿಜ ಗೊತ್ತಿಲ್ಲದೆ ನಗಿಸಿದರೆ ಸುಳ್ಳಿಗೆ ನೀವೇ ಕಾಲು ಕೊಟ್ಟ ಹಾಗೆ.

ಹಂತ 4: ಯಾರನ್ನು ನೋಡಿ ನಗಬೇಕು?

ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ದಪ್ಪಗಿರುವವರನ್ನು, ತೆಳ್ಳಗಿರುವವರನ್ನು, ಬಾಣಂತಿಯರನ್ನು, ಕಾಯಿಲೆ ಇರುವವರನ್ನು ನಗೆಗೆ ಗುರಿ ಮಾಡಬೇಡಿ. ಥೈರಾಯ್ಡ್ ತೊಂದರೆಯಿಂದ, ಕೆಲವು ಔಷಧಿಗಳಿಂದ, ಹೆರಿಗೆಯಿಂದ ತೂಕ ಏರುತ್ತದೆ. ಸಭೆಯಲ್ಲಿ ಕೂತ ಹದಿನೈದು ವರ್ಷದ ಹುಡುಗಿ ನಿಮ್ಮ ಒಂದು ಮಾತು ಕೇಳಿ ಊಟ ಬಿಡಬಹುದು. ಮುಂದಿನ ಸಾಲಿನವರ ಕಡೆ ಬೆರಳು ತೋರಿಸಿ "ಇವರನ್ನೇ ನೋಡ್ರಿ" ಅಂದರೆ ಸಭೆ ನಗುತ್ತದೆ, ಅವರೂ ನಗುತ್ತಾರೆ. ಆದರೆ ಮುಂದಿನ ಸಲ ಅವರು ಕಾರ್ಯಕ್ರಮಕ್ಕೆ ಬರುವುದಿಲ್ಲ.

ಹಾಗಾದರೆ ಯಾರನ್ನು? ಸಲಹೆ ಕೊಡುವವರನ್ನು. ಒಬ್ಬ ಮಾವ ಅನ್ನ ಬಿಡು ಅಂದರೆ ಇನ್ನೊಬ್ಬ ಕಾಕಾ ಗೋಧಿ ಬಿಡು ಅನ್ನುತ್ತಾನೆ. ಮೂರನೆಯವರು ಹಾಲು ಬಿಡು ಅನ್ನುತ್ತಾರೆ. ಮೂವರೂ ಒಂದೇ ಮದುವೆಯ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿರುತ್ತಾರೆ. ಚಿತ್ರ ತಾನಾಗಿ ಸಿಕ್ಕಿತಲ್ಲ? ಜನವರಿ ಒಂದರಂದು ಜಿಮ್ಮಿಗೆ ವರ್ಷದ ದುಡ್ಡು ಕಟ್ಟುವ ಉತ್ಸಾಹ, ಮೂರೇ ದಿನ ಹಾಕಿದ ದುಬಾರಿ ಬೂಟು, ಡಯಟ್ ಮಾಡುವವರಿಗೆ "ಇವತ್ತೊಂದಿನ" ಎಂದು ಬಡಿಸುವ ಬೀಗರು, ಇವೆಲ್ಲ ಎಲ್ಲರ ಮನೆಯಲ್ಲೂ ಇರುವಂಥವು. ಕೇಳುವವರು ತಮ್ಮನ್ನು ತಾವೇ ಗುರುತಿಸಿಕೊಂಡು ನಗುತ್ತಾರೆ. ಆ ನಗು ಗಟ್ಟಿ.

ಹೆಂಡತಿಯ ಅಡುಗೆ, ಹೆಂಡತಿಯ ತೂಕ, ಹೆಂಡತಿಯ ಬೈಗುಳದ ಜೋಕುಗಳನ್ನು ಪೂರ್ತಿ ಬಿಡಿ. ಅರ್ಧ ಸಭೆ ಹೆಂಗಸರದು, ಅವರಿಗೆ ಅವು ಕೇಳಿ ಕೇಳಿ ಸಾಕಾಗಿವೆ. "ಎರಡೇ ರೊಟ್ಟಿ ತಿನ್ನಿ" ಅಂದ ಡಾಕ್ಟರಿಗೆ "ಊಟಕ್ಕೆ ಮುಂಚೆಯೋ ಆಮೇಲೋ" ಎಂದು ಕೇಳುವ ಜೋಕು ಸಹ ಎಲ್ಲರಿಗೂ ಬಾಯಿಪಾಠ. ಅಂಥದ್ದು ಬಂದರೆ ನಿಮ್ಮ ಸ್ವಂತ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಹಂತ 5: ಜೋಕು ಕಟ್ಟುವ ಕೆಲಸ

ಹಾಸ್ಯ ಬರೆಯುವವರು ಎರಡು ಭಾಗದ ಲೆಕ್ಕ ಹೇಳುತ್ತಾರೆ. ಮೊದಲನೆಯದು ಹಾಸುವುದು: ಕೇಳುವವರು ಒಂದು ದಾರಿಯಲ್ಲಿ ಯೋಚಿಸುವ ಹಾಗೆ ಮಾಡುವುದು. ಎರಡನೆಯದು ಪಂಚ್: ಆ ದಾರಿ ಒಮ್ಮೆಲೇ ತಿರುಗುವ ಜಾಗ. ಪಂಚ್ ಎಲ್ಲಿ ಬರುತ್ತದೋ ಅಲ್ಲೇ ವಾಕ್ಯ ಮುಗಿಯಬೇಕು.

ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ನಮ್ಮ ವಾಕ್ಯ ಕ್ರಿಯಾಪದದಿಂದ ಮುಗಿಯುತ್ತದೆ. ನಗುವಿನ ಪದ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಕೊನೆಗೆ "ಮಾಡಿದರು, ಹೇಳಿದರು, ಆಯಿತು" ಉಳಿಯುತ್ತದೆ. ಈ ವಾಕ್ಯ ನೋಡಿ:

"ಬೀಗರ ಮನ್ಯಾಗ ಹತ್ತ್ ಸಲ ಅರ್ಧರ್ಧ ಹಾಕಿಸ್ಕೊಂಡು ಐದು ಹೋಳಿಗಿ ತಿಂದ್ನಿ ಅಂತ ಡಾಕ್ಟರಿಗೆ ಹೇಳಿದೆ."

ವಿಷಯ ಇದೆ, ನಗು ಬರುವುದಿಲ್ಲ. ಈಗ ಒಡೆದು ಜೋಡಿಸಿ:

"ಡಾಕ್ಟ್ರು ಹೋಳಿಗಿ ಬಿಡ್ರಿ ಅಂದಿದ್ರು. ಬೀಗರ ಮನ್ಯಾಗ ಒಂದೂ ಹೋಳಿಗಿ ಪೂರ್ತಿ ತಿನ್ಲಿಲ್ರಿ ನಾನು. ಬರೇ ಅರ್ಧ. ಹತ್ತ್ ಸಲ."

ಕೊನೆಯ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಎರಡೇ ಪದ. ಬಾಯಿಮಾತಿನಲ್ಲಿ ಇದು ಸಹಜ, ವೇದಿಕೆಯ ಮೇಲೆ ಬೇಕಾದದ್ದೂ ಇದೇ. ನಿಮ್ಮ ಪ್ರತಿ ಜೋಕನ್ನೂ ಹೀಗೆ ಪರೀಕ್ಷೆ ಮಾಡಿ. ನಗುವಿನ ಪದದ ಆಮೇಲೆ ಏನಾದರೂ ಉಳಿದಿದೆಯಾ? ಇದ್ದರೆ ಅದನ್ನು ಮುಂದಕ್ಕೆ ತನ್ನಿ, ಇಲ್ಲವೇ ಕತ್ತರಿಸಿ.

ಊರಿನ ವಿವರ ಸೇರಿಸಿದರೆ ನಗು ಎರಡು ಪಟ್ಟು. "ಒಬ್ಬ ಮನುಷ್ಯ ವಾಕಿಂಗ್ ಹೋದ" ಎನ್ನುವುದಕ್ಕಿಂತ ಇದು ಎಷ್ಟೋ ವಾಸಿ: "ನವನಗರಕ್ಕ ಹೊಸದಾಗಿ ಬಂದವ್ರು ಮೊದಲ ದಿನಾನೇ ಹನ್ನೆರಡು ಸಾವಿರ ಹೆಜ್ಜಿ ಹಾಕ್ತಾರ. ಫಿಟ್‌ನೆಸ್ ಅಲ್ರಿ. ಸೆಕ್ಟರ್ ತಪ್ಪಿ ಮನಿ ಸಿಗಲಿಲ್ಲ." ಇದು ಬಾಗಲಕೋಟೆಯ ಮಾತು. ಬೆಳಗಾವಿಯಲ್ಲಿ ಹೇಳಿದರೆ ಸುಮ್ನೆ ಹೋಗುತ್ತದೆ. ಅಲ್ಲಿಗೆ ಆ ಊರಿನ ಸಿಹಿ ಕುಂದಾ ಬೇಕು. ವಿಜಯಪುರಕ್ಕೆ ಗೋಳಗುಮ್ಮಟದ ಪ್ರತಿಧ್ವನಿ ಬೇಕು: ಡಾಕ್ಟರು ಒಂದು ಸಲ "ಉಪ್ಪು ಕಡಿಮೆ ಮಾಡಿ" ಅಂದರೆ ಮನೆಯಲ್ಲಿ ಏಳು ಸಲ ಕೇಳುತ್ತದೆ. ಏಪ್ರಿಲ್, ಮೇ ತಿಂಗಳಾದರೆ ಬಿಸಿಲೂ ಇದೆ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ "ಸ್ವಲ್ಪ ಬೆವರು ಬರೂ ಹಂಗ ವ್ಯಾಯಾಮ ಮಾಡ್ರಿ" ಅಂದರೆ, "ಕೂತಲ್ಲೇ ಮಾಡಾಕತ್ತೀನ್ರಿ" ಎಂಬ ಉತ್ತರ ಸಾಕು. ಅದರ ಬೆನ್ನಿಗೇ ನಿಜವನ್ನೂ ಹೇಳಿ. ಅಂಥ ಬಿಸಿಲಿನಲ್ಲಿ ಹೊರಗೆ ವ್ಯಾಯಾಮ ಮಾಡುವುದು ಅಪಾಯ, ಬೆಳಗ್ಗೆ ಬೇಗ ಮುಗಿಸಿಬಿಡಬೇಕು.

ಹಬ್ಬಗಳನ್ನು ಮರೆಯಬೇಡಿ. ನಾಗರ ಪಂಚಮಿಯಲ್ಲಿ ಡಬ್ಬಿ ತುಂಬ ಉಂಡಿ, ಮರಕ್ಕೆ ಜೋಕಾಲಿ. "ನಮ್ಮ ಹಿರಿಯರು ತಿನ್ನೂದು, ವ್ಯಾಯಾಮ ಎರಡೂ ಒಂದೇ ದಿನ ಇಟ್ಟಾರ. ನಾವು ಜೋಕಾಲಿ ಬಿಟ್ಟೀವಿ. ಉಂಡಿ ಬಿಟ್ಟಿಲ್ಲ." ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟಕ್ಕೆ ಕೂತರೆ ಸಜ್ಜೆ ರೊಟ್ಟಿಯ ಲೆಕ್ಕ ಯಾರು ಇಡುತ್ತಾರೆ? ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ, ಗರಡಿಮನೆ, ಕುಸ್ತಿಯ ಪೈಲ್ವಾನರು, ಇವೂ ಇವೆ. ಜಿಮ್ಮಿನ ಭಾಷೆಯನ್ನು ಗರಡಿಯ ಎದುರು ತಂದು ನಿಲ್ಲಿಸಿ ನೋಡಿ, ಒಂದು ಪುಟ ತಾನಾಗಿ ಬರುತ್ತದೆ.

ಹಂತ 6: ನಿಮ್ಮ ಊರಿನ ಮಾತಿನಲ್ಲೇ ಹೇಳಿ

ಪುಸ್ತಕದ ಕನ್ನಡದಲ್ಲಿ ಬರೆದುಕೊಂಡರೂ ಸಂಭಾಷಣೆ ಮಾತ್ರ ನಿಮ್ಮ ಬಾಯಿಗೆ ಬಂದ ಹಾಗೇ ಇರಲಿ. ನಿಮ್ಮದಲ್ಲದ ಮಾತನ್ನು ನಕಲು ಮಾಡಬೇಡಿ. ಬೆಳಗಾವಿಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಮನೆಮಾತಿನವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಅವರ ಉಚ್ಚಾರವನ್ನು ಅಣಕಿಸಿದರೆ ಡಯಟ್ ವಿಷಯ ಅಲ್ಲಿಗೇ ಮುಗಿಯಿತು.

ಹಂತ 7: ಸಾಲಾಗಿ ಜೋಡಿಸಿ

ನಿಮ್ಮ ಜೋಕುಗಳಲ್ಲಿ ಎರಡನೇ ಸ್ಥಾನದ್ದು ಮೊದಲು. ಎಲ್ಲಕ್ಕಿಂತ ಒಳ್ಳೆಯದು ಕೊನೆಗೆ. ಸುಮಾರಾದವು ನಡುವೆ. ಊಟದ ಮಾತು, ವ್ಯಾಯಾಮದ ಮಾತು, ಮನೆಯವರ ಮಾತು, ಹೀಗೆ ಮೂರು ಗುಂಪು ಮಾಡಿಕೊಂಡರೆ ಮರೆತುಹೋದಾಗ ದಾರಿ ಸಿಗುತ್ತದೆ.

ಒಂದು ಉಪಾಯ ಕಲಿತುಕೊಳ್ಳಿ. ಹಿಂದೆ ಹೇಳಿದ ಜೋಕಿನ ಒಂದು ತುಂಡನ್ನು ಆಮೇಲೆ ಬೇರೆ ಜಾಗದಲ್ಲಿ ಮತ್ತೆ ತರುವುದು. ಇದಕ್ಕೆ ಕಾಲ್‌ಬ್ಯಾಕ್ ಅನ್ನುತ್ತಾರೆ. ಮೊದಲ ನಿಮಿಷದಲ್ಲಿ "ಬರೇ ಅರ್ಧ" ಹೋಳಿಗೆ ಹೇಳಿದ್ದೀರಿ. ಎಂಟನೇ ನಿಮಿಷದಲ್ಲಿ ವಾಕಿಂಗ್ ಬಗ್ಗೆ ಮಾತಾಡುವಾಗ "ಕೆರಿ ಎಷ್ಟು ಸುತ್ತು ಹಾಕಿದ್ರಿ?" ಎಂಬ ಪ್ರಶ್ನೆಗೆ "ಬರೇ ಅರ್ಧ" ಎಂದು ಹೇಳಿ ನಿಲ್ಲಿಸಿ. ಸಭೆಗೆ ಹೋಳಿಗೆ ನೆನಪಾಗುತ್ತದೆ. ಒಂದೇ ಸಲ ಬಳಸಿ. ಮೂರು ಸಲ ತಂದರೆ ಜನರೇ ನಿಮಗಿಂತ ಮೊದಲು ಹೇಳಿಬಿಡುತ್ತಾರೆ.

ಹಂತ 8: ಜೋರಾಗಿ ಓದಿ

ಮನಸ್ಸಿನಲ್ಲಿ ಓದಿದರೆ ಸಾಲದು. ನಿಂತುಕೊಂಡು, ಜೋರಾಗಿ, ಗಡಿಯಾರ ಇಟ್ಟು ಓದಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಿ. ನಾಲಿಗೆ ತೊಡರುವ ವಾಕ್ಯ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಬೇರೆಯವರ ಮುಂದೆ ಓದಿ. ಅವರಲ್ಲಿ ಒಬ್ಬರು ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರಾಗಿರಲಿ. "ನಗು ಬಂತಾ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಹಾಗೆ ಕೇಳಬೇಡಿ. "ಇದನ್ನು ಕೇಳಿ ನಾಳೆಯಿಂದ ನೀವು ಏನು ಬಿಡ್ತೀರಿ, ಏನು ಶುರು ಮಾಡ್ತೀರಿ?" ಎಂದು ಕೇಳಿ. "ಗುಳಿಗೆ ಬೇಕಾಗಿಲ್ಲ ಅನಿಸಿತು" ಅಥವಾ "ವಾಕಿಂಗ್ ಸುಮ್ನೆ ಅನಿಸಿತು" ಎಂಬ ಉತ್ತರ ಬಂದರೆ ಎಲ್ಲೋ ಜೋಕು ತಪ್ಪು ದಾರಿ ಹಿಡಿದಿದೆ. ಆ ಭಾಗ ತಿದ್ದಲೇಬೇಕು. ಹತ್ತು ಸಾವಿರ ಹೆಜ್ಜೆಯ ಜೋಕಿನಲ್ಲಿ ಹೀಗಾಗುವ ಸಂಭವ ಜಾಸ್ತಿ. ಸಂಖ್ಯೆಯನ್ನು ನೋಡಿ ನಕ್ಕವರು ನಡೆಯುವುದನ್ನೇ ಬಿಡುತ್ತಾರೆ. ಅದಕ್ಕೇ ಆ ಜೋಕಿನ ಹಿಂದೆಯೇ "ಹೆಜ್ಜಿ ಎಣಿಸಬ್ಯಾಡ್ರಿ, ಆದ್ರ ದಿನಾ ಅರ್ಧ ತಾಸು ಬಿರುಸಾಗಿ ನಡೀರಿ" ಎಂಬ ಸಾಲು ಇಡಿ. ವಾರಕ್ಕೆ ಐದು ದಿನ ಹಾಗೆ ನಡೆದರೂ 150 ನಿಮಿಷ ಆಯಿತು.

ಹಂತ 9: ವೇದಿಕೆಯ ಮೇಲೆ

ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಹಾಳೆ ಕೈಯಲ್ಲಿ ಇರಬಹುದು, ಅದರಲ್ಲಿ ಗುಂಪುಗಳ ಹೆಸರು ಮತ್ತು ಪ್ರತಿ ಜೋಕಿನ ಕೊನೆಯ ಸಾಲು ಮಾತ್ರ ಇರಲಿ. ಪೂರ್ತಿ ಓದಿದರೆ ತಲೆ ತಗ್ಗಿಸಿಯೇ ಇರಬೇಕಾಗುತ್ತದೆ, ಸಭೆಯ ಮುಖ ಕಾಣುವುದಿಲ್ಲ.

ಪಂಚ್ ಹೇಳುವ ಮೊದಲು ಒಂದು ಉಸಿರು ನಿಲ್ಲಿ. ಹೇಳಿದ ಮೇಲೆ ಬಾಯಿ ಮುಚ್ಚಿ. ಹೊಸಬರು ಎಡವುವುದು ಇಲ್ಲೇ. ನಗು ಏಳುತ್ತಿರುವಾಗಲೇ ಮುಂದಿನ ವಾಕ್ಯ ಶುರು ಮಾಡುತ್ತಾರೆ, ಅದು ಯಾರಿಗೂ ಕೇಳಿಸುವುದಿಲ್ಲ. ನಗು ಏರಿ, ಇಳಿಯಲು ಶುರುವಾದಾಗ ಮುಂದುವರಿಯಿರಿ. ನಗು ಬರದಿದ್ದರೆ "ಅರ್ಥ ಆಗಲಿಲ್ಲ ಅನಿಸುತ್ತೆ" ಎಂದು ಸಭೆಯನ್ನು ಕೆಣಕಬೇಡಿ. ಏನೂ ಆಗಿಲ್ಲವೆಂಬಂತೆ ಮುಂದಿನದಕ್ಕೆ ಹೋಗಿ.

ಡಾಕ್ಟರೊಬ್ಬರು ಮುಖ್ಯ ಅತಿಥಿ ಆಗಿದ್ದರೆ ಹೆದರಬೇಡಿ. ಹಂತ 3ನ್ನು ಸರಿಯಾಗಿ ಮಾಡಿದ್ದರೆ ಎಲ್ಲರಿಗಿಂತ ಜಾಸ್ತಿ ನಗುವವರು ಅವರೇ. ದಿನಾ ಅವರ ಎದುರು ಕೂತು "ಬೆಲ್ಲ ನಡೀತೈತೇನ್ರಿ?" ಎಂದು ಕೇಳುವವರು ಎಷ್ಟು ಜನ ಎಂದು ಅವರಿಗೆ ಗೊತ್ತು.

ಹೊತ್ತು ಮುಗಿಯುವ ಮುಂಚೆ ಒಂದು ನಿಮಿಷ ಬಾಕಿ ಇರುವಾಗಲೇ ಕೊನೆಯ ಜೋಕಿಗೆ ಹೋಗಿ. "ಆರೋಗ್ಯವೇ ಭಾಗ್ಯ" ಎಂದು ಉಪದೇಶ ಸೇರಿಸಬೇಡಿ. ನಗುವಿನ ಮೇಲೆಯೇ ನಮಸ್ಕಾರ ಹೇಳಿ ಇಳಿಯಿರಿ.

ಇಳಿದ ಮೇಲೆ

ಕೆಲಸ ಇನ್ನೂ ಸ್ವಲ್ಪ ಇದೆ. ಚಹಾ ಕುಡಿಯುವಾಗ ಯಾರಾದರೂ ಬಂದು ಮೆಲ್ಲಗೆ ಕೇಳುತ್ತಾರೆ: "ಛಲೋ ಹೇಳಿದ್ರಿ. ಅಲ್ರೀ, ನನಗೂ ಶುಗರ್ ಐತಿ. ರೊಟ್ಟಿ ಕಡಿಮಿ ಮಾಡಿದ್ರ ಗುಳಿಗಿ ಬಿಡಬಹುದೇನ್ರಿ?" ಇದಕ್ಕೆ ಜೋಕಿನ ಉತ್ತರ ಬೇಡ. "ಇಲ್ರಿ, ಗುಳಿಗೆ ನೀವಾಗಿ ಬಿಡಬ್ಯಾಡ್ರಿ. ಈ ಮಾತನ್ನ ನಿಮ್ಮ ಡಾಕ್ಟರಿಗೇ ಕೇಳ್ರಿ, ಮುಂದಿನ ಸಲ ಹೋಗುವಾಗ ಶುಗರ್ ರಿಪೋರ್ಟ್ ತಗೊಂಡ್ ಹೋಗ್ರಿ" ಎಂದು ನೇರವಾಗಿ ಹೇಳಿ. ಆಮೇಲೆ ಯಾವ ಸಾಲು ಕೇಳಿ ಅವರಿಗೆ ಹಾಗೆ ಅನಿಸಿತು ಎಂದು ಕೇಳಿ ತಿಳಿದುಕೊಳ್ಳಿ. ಆ ಸಾಲನ್ನು ಅದೇ ರಾತ್ರಿ ಹಾಳೆಯಲ್ಲಿ ಗುರುತು ಹಾಕಿ, ಇನ್ನೊಂದು ಓಣಿಯವರು ಕರೆಯುವ ಮೊದಲು ತಿದ್ದಿ ಇಟ್ಟುಕೊಳ್ಳಿ.